ಅಗ್ಗದ ಸೆಟ್ಟಿನ ಲೆಕ್ಕ: ಹಂಪಿ ಬಜಾರಿನಿಂದ ಹೊಸಪೇಟೆಗೆ

ಹಂಪಿಯ ಪೇಟೆಗಳ ಬಗ್ಗೆ ಬರೆದವರು ಬಹಳ ಮಂದಿ. 1520ರ ಸುಮಾರಿಗೆ ಡೊಮಿಂಗೊ ಪಾಯೆಸ್ ಕಂಡ ಮುತ್ತು, ಮಾಣಿಕ್ಯ, ವಜ್ರಗಳ ವರ್ಣನೆಯನ್ನು ನಮ್ಮ ಗೈಡುಗಳು ಇವತ್ತಿಗೂ ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ವಿರೂಪಾಕ್ಷ ಬಜಾರಿನ ಕಲ್ಲುಕಂಬಗಳ ನಡುವೆ ನಮ್ಮ ಕಾಲದಲ್ಲಿ ನಡೆದ ಫೋನಿನ ವ್ಯಾಪಾರದ ಬಗ್ಗೆ ಯಾರಾದರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನಾನು ಬೆಳೆದದ್ದು ಆ ವ್ಯಾಪಾರದಲ್ಲೇ. ಈಗ ಹೊಸಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಬಂದ ಗಿರಾಕಿಗಳಲ್ಲಿ ಹೆಚ್ಚಿನವರು ಕೇಳುವುದು ಒಂದೇ: "ಅಣ್ಣಾ, ಏಳೆಂಟು ಸಾವಿರದಾಗ ಚೊಲೋ ಸೆಟ್ ಯಾವುದೈತಿ ಹೇಳು." ಇದಕ್ಕೆ ನಾನು ಕೊಡುವ ಉತ್ತರ, ಅಗ್ಗದ ಸೆಟ್ಟುಗಳು ನಮ್ಮ ಸೀಮೆಗೆ ಹೇಗೆ ಬಂದವು, ಎಷ್ಟು ಕಾಲ ಬಾಳಿದವು, ಯಾತರಿಂದ ಕೆಟ್ಟವು ಎಂಬುದನ್ನು ನೋಡಿ ಕಲಿತದ್ದು.

ಮೊದಲಿಗೆ ಬೂತಿನ ಕಾಲ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪರದೇಶದವರ ಬರವು ಹೆಚ್ಚಿತು. ತೊಂಬತ್ತರ ದಶಕದಲ್ಲಿ ಬಜಾರಿನ ರಥಬೀದಿಯ ಊಟದ ಹೋಟೆಲು, ಪುಸ್ತಕದಂಗಡಿಗಳ ಪಕ್ಕದಲ್ಲಿ ಎಸ್‌ಟಿಡಿ ಬೂತುಗಳು ಎದ್ದವು. ನಮ್ಮಪ್ಪನದೂ ಒಂದು. ಗಾಜಿನ ಬಾಗಿಲ ಹಿಂದೆ ನಿಂತು ಪರದೇಶದ ಹುಡುಗಿ ತನ್ನ ತಾಯಿಯ ಜೊತೆ ಮಾತಾಡುತ್ತಿದ್ದರೆ ಹೊರಗೆ ಮೀಟರಿನ ಕೆಂಪು ಅಂಕಿ ಓಡುತ್ತಿತ್ತು. ಹೊರಗಿನ ಬೆಂಚಿನ ಮೇಲೆ ಬಾಳೆತೋಟದ ಕೂಲಿಯವರು, ಬೆಂಗಳೂರಿಗೆ ದುಡಿಯಲು ಹೋದ ಮಗನ ಫೋನು ಬರುತ್ತದೆಂದು ಕಾಯುತ್ತಿದ್ದರು. ರಾತ್ರಿ ದರ ಇಳಿಯುವ ಹೊತ್ತಿಗೆ ಸಾಲು ಬೆಳೆಯುತ್ತಿತ್ತು. ಆಮೇಲೆ ಬೂತಿನ ಒಳಕೋಣೆಗೆ ಕಂಪ್ಯೂಟರ್ ಬಂತು. ಈ-ಮೇಲ್ ನೋಡಲು ಗಂಟೆ ಲೆಕ್ಕ, ಕ್ಯಾಮೆರಾದ ಫೋಟೋಗಳನ್ನು ಸಿಡಿಗೆ ಹಾಕಿಕೊಡಲು ಬೇರೆ ಲೆಕ್ಕ. ಒಂದು ಟೆಲಿಫೋನು ಇಡೀ ಓಣಿಗೆ ಸಾಕಾಗುತ್ತಿದ್ದ ಕಾಲ ಅದು.

2003ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ಕೂಡಿಬಂದವು. ಮೊಬೈಲಿಗೆ ಒಳಬರುವ ಕರೆಗೆ ದುಡ್ಡು ಕಟ್ಟುವುದು ತಪ್ಪಿತು. ನೋಕಿಯಾ 1100 ಬಂತು. ನೆತ್ತಿಯಲ್ಲಿ ಟಾರ್ಚು, ಧೂಳು ಒಳಗೆ ಇಳಿಯದಂತೆ ಒಂದೇ ಹಾಳೆಯ ರಬ್ಬರ್ ಕೀಪ್ಯಾಡು. ಜಗತ್ತಿನಾದ್ಯಂತ ಸುಮಾರು 25 ಕೋಟಿ ಮಾರಾಟವಾದ ಆ ಸೆಟ್ಟು ನಮ್ಮ ಕಡೆಗೆ ಹೇಳಿ ಮಾಡಿಸಿದಂತಿತ್ತು. ಕಂಪ್ಲಿಯ ರೈತರು ರಾತ್ರಿ ಗದ್ದೆಗೆ ನೀರು ತಿರುವಲು ಹೋಗುವಾಗ ಅದರ ಟಾರ್ಚು ಹಿಡಿದು ಹೋಗುತ್ತಿದ್ದರು. ಬ್ಯಾಟರಿ ಉಬ್ಬಿದರೆ ಉಗುರಿನಿಂದ ಹಿಂದಿನ ಮುಚ್ಚಳ ತೆಗೆದು, ಫುಟ್‌ಪಾತಿನಲ್ಲಿ ಮಾರುವ ಬಿಎಲ್-5ಸಿ ತಂದು ಹಾಕಿದರೆ ಮುಗಿಯಿತು. ರಿಪೇರಿಯವನ ಹತ್ತಿರ ಬರುವ ಅಗತ್ಯವೇ ಇರಲಿಲ್ಲ. ಅಗ್ಗದ ವಸ್ತು ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನನ್ನ ಮನಸ್ಸಿಗೆ ಮೊದಲು ಬರುವುದು ಈಗಲೂ ಅದೇ ಸೆಟ್ಟು.

ಅದೇ ವರ್ಷಗಳಲ್ಲಿ ಚೀನಾ ದೇಶಕ್ಕೆ ಕಬ್ಬಿಣದ ಅದಿರು ಬೇಕಾಯಿತು. ಸಂಡೂರಿನ ಗುಡ್ಡಗಳಿಂದ ಹೊಸಪೇಟೆಯ ಕಡೆಗೆ ಹಗಲೂ ರಾತ್ರಿ ಲಾರಿ. ಗಿಡದ ಎಲೆ, ಮನೆಯ ಗೋಡೆ, ಒಣಹಾಕಿದ ಬಟ್ಟೆ, ಎಲ್ಲದರ ಮೇಲೂ ಕೆಂಪು ಧೂಳು. ಅದಿರು ಹೋದ ದೇಶದಿಂದಲೇ ಸೆಟ್ಟುಗಳು ಬಂದವು. ಎರಡು ಸಿಮ್ಮು, ದೊಡ್ಡ ಸ್ಪೀಕರು, ಕೆಲವಕ್ಕೆ ಟಿವಿ ನೋಡಲು ಎಳೆಯುವ ಆಂಟೆನಾ. ಲಾರಿ ಡ್ರೈವರುಗಳಿಗೆ ಚೈನಾ ಸೆಟ್ಟೆಂದರೆ ಪ್ರಾಣ. ಕ್ಯಾಬಿನ್ನಿನಲ್ಲಿ ಎಂಜಿನ್ ಸದ್ದನ್ನೂ ಮೀರಿ ಹಾಡು ಕೇಳುತ್ತಿತ್ತು. ಮೆಮೊರಿ ಕಾರ್ಡಿಗೆ ಹಾಡು ಹಾಕಿಕೊಟ್ಟೇ ಹೊಸಪೇಟೆಯಲ್ಲಿ ಎಷ್ಟೋ ಹುಡುಗರು ಜೀವನ ಮಾಡಿದರು. ಆದರೆ ಆ ಸೆಟ್ಟುಗಳಲ್ಲಿ ಬಹಳಷ್ಟಕ್ಕೆ ಐಎಂಇಐ ಎಂಬ ಗುರುತಿನ ನಂಬರೇ ಇರಲಿಲ್ಲ. ಸರಿಯಾದ ನಂಬರಿಲ್ಲದ ಸೆಟ್ಟುಗಳು 2009ರ ನವೆಂಬರ್ 30ರ ಮಧ್ಯರಾತ್ರಿಯಿಂದ ನಡೆಯಬಾರದೆಂದು ಸರ್ಕಾರದ ಆದೇಶವಾಯಿತು. ₹199 ಕೊಟ್ಟರೆ ಅಧಿಕೃತವಾಗಿಯೇ ನಂಬರು ಕೂರಿಸಿಕೊಡುವ ವ್ಯವಸ್ಥೆಯೂ ಬಂತು. ಆ ವಾರ ಜನ ಸೆಟ್ಟು ಹಿಡಿದು ಅಂಗಡಿಗಳ ಮುಂದೆ ಮದುವೆ ಮನೆಯಂತೆ ಸೇರಿದ್ದರು. ಗಟ್ಟಿಮುಟ್ಟಾಗಿರುವ ವಸ್ತುವೂ ದೂರದ ಯಾವುದೋ ತೀರ್ಮಾನದಿಂದ ಒಂದು ರಾತ್ರಿಯಲ್ಲಿ ಕಲ್ಲಾಗಬಹುದು ಎಂಬುದನ್ನು ನಮ್ಮ ಗಿರಾಕಿಗಳು ಮೊದಲು ಕಂಡದ್ದು ಆಗ.

2011ರ ಜುಲೈ 29ನ್ನು ನಮ್ಮ ಕಡೆಯವರು ಮರೆಯುವುದಿಲ್ಲ. ಅವತ್ತು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅವತ್ತೇ ಹಂಪಿ ಬಜಾರಿಗೆ ಬುಲ್ಡೋಜರ್ ಬಂತು. ಮಂಟಪಗಳಿಗೆ ಒತ್ತಿ ಕಟ್ಟಿದ ಮನೆ, ಅಂಗಡಿಗಳು ನೆಲಕ್ಕುರುಳಿದವು. ಅದರಲ್ಲಿ ನಮ್ಮಪ್ಪನ ಬೂತೂ ಇತ್ತು. ಸ್ಮಾರಕ ಉಳಿಯಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸಾಮಾನು ಹೊರಗಿಡಲೂ ಪುರುಸೊತ್ತು ಕೊಡದ ಆ ಬೆಳಗು ನ್ಯಾಯವೆಂದು ಯಾರೂ ನನಗೆ ಒಪ್ಪಿಸಲಾರರು. ಬಜಾರಿನ ಎಷ್ಟೋ ಕುಟುಂಬಗಳು ಆಮೇಲೆ ಕಡ್ಡಿರಾಂಪುರದ ಕಡೆ ನೆಲೆ ಕಂಡುಕೊಂಡವು, ನಾವು ಹೊಸಪೇಟೆಗೆ ಬಂದೆವು. ಅದೇ ತಿಂಗಳುಗಳಲ್ಲಿ ಲಾರಿಗಳು ಸಾಲಾಗಿ ನಿಂತವು. ಡ್ರೈವರುಗಳು ಕಂತು ಕಟ್ಟಲಾಗದೆ ಒಳ್ಳೊಳ್ಳೆಯ ಸೆಟ್ಟುಗಳನ್ನು ಅರ್ಧ ಬೆಲೆಗೆ ಕೊಟ್ಟು ಹೋಗುತ್ತಿದ್ದರು. ನನ್ನ ಸೆಕೆಂಡ್‌ಹ್ಯಾಂಡ್ ವ್ಯಾಪಾರ ಶುರುವಾದದ್ದು ಆ ಕಷ್ಟದ ಕಾಲದಲ್ಲಿ.

ಆಂಡ್ರಾಯ್ಡ್ ನಮ್ಮ ಕೈಗೆ ಬಂದದ್ದೂ ಆ ವರ್ಷದ ಕೊನೆಗೇ. ಸ್ಯಾಮ್‌ಸಂಗ್ ಗ್ಯಾಲಕ್ಸಿ ವೈ: ಮೂರು ಇಂಚಿನ ಪರದೆ, ಏಳೆಂಟು ಸಾವಿರ ಬೆಲೆ, ಒಳಗಿನ ಜಾಗ ಸುಮಾರು 180 ಎಂಬಿ. ನಾಲ್ಕು ಆ್ಯಪ್ ಹಾಕಿದರೆ ತುಂಬಿಹೋಗುತ್ತಿತ್ತು. 2012ರ ಕೊನೆಗೆ ಹತ್ತು ಸಾವಿರದೊಳಗೆ ಐದು ಇಂಚಿನ ಮೈಕ್ರೋಮ್ಯಾಕ್ಸ್ ಕ್ಯಾನ್ವಾಸ್ 2 ಬಂದಾಗ ಹುಡುಗರು ಬೆರಗಾದರು. ಬೆಂಗಳೂರಿನ ಯುಟಿಎಲ್ ಮತ್ತು ದೆಹಲಿಯ ಜೈನಾ ಕೂಡಿ 2009ರಲ್ಲಿ ಕಟ್ಟಿದ ಕಾರ್ಬನ್ ಸೆಟ್ಟುಗಳೂ ಇಲ್ಲಿ ಚೆನ್ನಾಗಿ ಓಡಿದವು. ಆದರೆ ನನ್ನ ಮಟ್ಟಿಗೆ ಆ ಕಾಲದ ದೊಡ್ಡ ಸಂಗತಿ ಪರದೆಯ ಅಳತೆಯಲ್ಲ. ಅಲ್ಲಿಯವರೆಗೆ ಬಹಳಷ್ಟು ಆಂಡ್ರಾಯ್ಡ್ ಸೆಟ್ಟುಗಳಲ್ಲಿ ಕನ್ನಡ ಅಕ್ಷರದ ಜಾಗದಲ್ಲಿ ಚೌಕ ಚೌಕ ಡಬ್ಬಿಗಳು ಕಾಣುತ್ತಿದ್ದವು. 2012ರ ಆಂಡ್ರಾಯ್ಡ್ 4.1ರಿಂದ ಕನ್ನಡ ಸರಿಯಾಗಿ ಮೂಡತೊಡಗಿತು. 2017ರಲ್ಲಿ ಗೂಗಲ್ ಕನ್ನಡದಲ್ಲಿ ಮಾತಾಡಿ ಬರೆಸುವ ಸೌಲಭ್ಯ ತಂದಾಗ, ಅಕ್ಷರ ಕೂಡಿಸಿ ಬರೆಯಲು ಕಷ್ಟಪಡುತ್ತಿದ್ದ ಕಮಲಾಪುರದ ಒಬ್ಬ ಅಜ್ಜ ನನ್ನ ಅಂಗಡಿಯಲ್ಲೇ ನಿಂತು ಮೊಮ್ಮಗಳಿಗೆ ಮೆಸೇಜ್ ಕಳಿಸಿದರು. ಅಗ್ಗದ ಸೆಟ್ಟಿನ ಬಗ್ಗೆ ಹಗುರವಾಗಿ ಮಾತಾಡುವವರಿಗೆ ನಾನು ಹೇಳುವುದು ಇಷ್ಟು: ದುಬಾರಿ ಸೆಟ್ಟಿನ ಮೇಲೆ ಮಾತ್ರ ಬಂದಿದ್ದರೆ ಆ ಸೌಲಭ್ಯ ಆ ಅಜ್ಜನ ಕೈಗೆ ಯಾವತ್ತು ಸಿಗುತ್ತಿತ್ತು?

2014 ಬೆಲೆಯ ಯುದ್ಧದ ವರ್ಷ. ಮೇ ತಿಂಗಳಲ್ಲಿ ಮೋಟೋ ಇ ₹6,999ಕ್ಕೆ ಬಂತು. ಸೆಪ್ಟೆಂಬರಿನಲ್ಲಿ ರೆಡ್ಮಿ 1ಎಸ್ ₹5,999ಕ್ಕೆ, ಅದೇ ತಿಂಗಳು ಗೂಗಲ್‌ನ ಆಂಡ್ರಾಯ್ಡ್ ಒನ್ ₹6,399ಕ್ಕೆ. ಮಾರಾಟ ಆನ್‌ಲೈನಿನಲ್ಲಿ, ಅಂಗಡಿಯವರು ಬಾಗಿಲಲ್ಲಿ ನಿಂತು ನೋಡಿದೆವು. 2016ರಲ್ಲಿ ₹251ಕ್ಕೆ ಸ್ಮಾರ್ಟ್‌ಫೋನು ಎಂಬ ಸುದ್ದಿ ಹಬ್ಬಿ, ನೋಟು ಮಡಚಿ ಹಿಡಿದು ಕೇಳಲು ಬಂದವರಿದ್ದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋ, ನವೆಂಬರಿನಲ್ಲಿ ನೋಟು ರದ್ದತಿ. ಅಲ್ಲಿಂದ ಮುಂದೆ ಸೆಟ್ಟು ಷೋಕಿಯ ವಸ್ತುವಾಗಿ ಉಳಿಯಲಿಲ್ಲ, ದುಡಿಮೆಯ ಸಾಮಾನಾಯಿತು. ಹಂಪಿಯ ಎಳನೀರಿನವರು, ಆಟೋದವರು, ಹರಿಗೋಲಿನವರು ಕ್ಯೂಆರ್ ಹಾಳೆ ಅಂಟಿಸಿದರು. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಅಪ್ಪ ಬೆಳಗ್ಗೆ ಕೆಲಸಕ್ಕೆ ತೆಗೆದುಕೊಂಡು ಹೋಗುವ ಒಂದೇ ಸೆಟ್ಟಿನಲ್ಲಿ ಇಬ್ಬರು ಮೂವರು ಮಕ್ಕಳು ರಾತ್ರಿ ಪಾಠ ನೋಡಿದರು. ಅದೇ ವರ್ಷ ಏಪ್ರಿಲ್ 1ರಿಂದ ಮೊಬೈಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿದ್ದು ಇಂಥ ಮನೆಗಳಿಗೆ ಬಿದ್ದ ಹೊರೆಯೇ.

ಈಗ ನನ್ನ ಮೇಜಿನ ಮೇಲೆ ಬಂದು ಬೀಳುವ ಸೆಟ್ಟುಗಳ ಮಾತು. ಅಗ್ಗದ ಸೆಟ್ಟಿನಲ್ಲಿ ಉಳಿಸಿದ ದುಡ್ಡು ಎಲ್ಲಿಂದ ಬಂತೆಂದು ಬಿಚ್ಚಿದಾಗ ಗೊತ್ತಾಗುತ್ತದೆ. ಒಳಗಿನ ಮೆಮೊರಿ ಇಎಂಎಂಸಿ ಎಂಬ ನಿಧಾನದ ಚಿಪ್ಪು. ದುಬಾರಿ ಸೆಟ್ಟಿನಲ್ಲಿ ಯುಎಫ್‌ಎಸ್ ಇರುತ್ತದೆ. ಗುಡ್ ಮಾರ್ನಿಂಗ್ ಫೋಟೋ, ಮದುವೆ ವಿಡಿಯೋ ತುಂಬುತ್ತ ಹೋದಂತೆ ಸೆಟ್ಟು ಹ್ಯಾಂಗ್ ಆಗುತ್ತದೆ. ಗಿರಾಕಿ ವೈರಸ್ ಬಂದಿದೆ ಎನ್ನುತ್ತಾರೆ. ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿರುತ್ತಾರೆ. ಮೊದಲಿನಂತೆ ಉಗುರಿನಿಂದ ತೆಗೆಯುವ ಮುಚ್ಚಳವಿಲ್ಲ. ಸಂಡೂರಿನಿಂದ ಬರುವ ಸೆಟ್ಟುಗಳ ಚಾರ್ಜಿಂಗ್ ಪಿನ್ನಿನಲ್ಲಿ ಇಂದಿಗೂ ಕೆಂಪು ಧೂಳು ಗಟ್ಟಿಯಾಗಿ ಕೂತಿರುತ್ತದೆ, ಸೂಜಿಯಿಂದ ಕೆರೆದು ತೆಗೆಯಬೇಕು. ಪಿನ್ನು ಬದಲಾಯಿಸುವುದು ಸಣ್ಣ ಖರ್ಚು. ಆದರೆ ಡಿಸ್ಪ್ಲೇ ಒಡೆದರೆ, ಹೆಚ್ಚು ಮಾರಾಟವಾಗದ ಮಾಡೆಲಿಗೆ ಎರಡನೇ ವರ್ಷಕ್ಕೇ ಗಾಜು, ಡಿಸ್ಪ್ಲೇ ಕೂಡಿದ ಕಾಂಬೋ ಸಿಗುವುದಿಲ್ಲ. ಬೋರ್ಡು ಜೀವಂತ ಇದ್ದೂ ಸೆಟ್ಟು ಗುಜರಿಗೆ ಹೋಗುತ್ತದೆ.

ಕಣ್ಣಿಗೆ ಕಾಣದ ಕೊರತೆ, ಅಪ್‌ಡೇಟಿನದು, ಇನ್ನೂ ದೊಡ್ಡದು. ಆಂಡ್ರಾಯ್ಡ್ 4.4ರಲ್ಲೇ ನಿಂತುಹೋದ ಸೆಟ್ಟುಗಳಲ್ಲಿ ವಾಟ್ಸಾಪ್ ನಿಂತಿತು. ಹಳೆಯ ಆವೃತ್ತಿಗಳಲ್ಲಿ ಹಣ ಕಳಿಸುವ ಆ್ಯಪ್‌ಗಳೂ ಒಂದೊಂದಾಗಿ ಕೈಬಿಡುತ್ತವೆ. ಸೆಟ್ಟು ಕೆಟ್ಟಿಲ್ಲ, ಗಾಜು ಒಡೆದಿಲ್ಲ, ಆದರೂ ಎಳನೀರಿನವರಿಗೆ ದುಡ್ಡು ಬರುವುದಿಲ್ಲ. ಸುರಕ್ಷತೆಯ ಅಪ್‌ಡೇಟು ನಿಂತ ಸೆಟ್ಟಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಬೇರೆ ಅಪಾಯ.

ಅಗ್ಗದ ಸೆಟ್ಟಿನ ಕೊರತೆ ದುಡಿಮೆಗೆ ಹೇಗೆ ತಟ್ಟುತ್ತದೆಂಬುದಕ್ಕೆ ಎರಡು ಉದಾಹರಣೆ. ಸಂಡೂರಿನ ಲಂಬಾಣಿ ಕಸೂತಿ ಹೆಸರಾದದ್ದು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಅಲ್ಲಿನ ಹೆಣ್ಣುಮಕ್ಕಳ ಕೈಕೆಲಸದ 1,755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ತಾಂಡಾದಿಂದ ಬರುವ ನನ್ನ ಗಿರಾಕಿಯೊಬ್ಬರು ಕಸೂತಿಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿ ಆರ್ಡರ್ ಹಿಡಿಯುತ್ತಾರೆ. ಅವರ ದೂರು ಇದು: "ಅಣ್ಣಾ, ನಾನು ಹಾಕಿರೋದು ಕೆಂಪು ದಾರ, ಇದರಾಗ ಕಿತ್ತಳೆ ಕಾಣ್ತೈತಿ. ತಗೊಂಡೋರು ವಾಪಸ್ ಕಳಸ್ತಾರ." ಕ್ಯಾಮೆರಾ 50 ಮೆಗಾಪಿಕ್ಸೆಲ್ ಎಂದು ಬಾಕ್ಸಿನ ಮೇಲೆ ಬರೆದಿತ್ತು. ಸೆನ್ಸರ್ ಸಣ್ಣದು, ಬಣ್ಣ ಹಿಡಿಯುವ ಶಕ್ತಿ ಕಡಿಮೆ, ಅಂಕಿ ಮಾತ್ರ ದೊಡ್ಡದು. ಅವರಿಗೆ ನಾನು ಎರಡು ವರ್ಷ ಹಳೆಯ, ಮೇಲಿನ ದರ್ಜೆಯ ಸೆಕೆಂಡ್‌ಹ್ಯಾಂಡ್ ಸೆಟ್ಟು ಕೊಟ್ಟೆ. ಬೆಲೆ ಅಷ್ಟೇ, ಬಣ್ಣ ಸರಿಹೋಯಿತು. ಉದ್ಯೋಗ ಖಾತರಿ ಕೆಲಸದಲ್ಲಿ ಕೂಲಿ ಗುಂಪಿನ ಮುಂದಾಳುಗಳಾದ ಕಾಯಕ ಬಂಧುಗಳ ಕಷ್ಟ ಬೇರೆ ತರಹದ್ದು. ಹಾಜರಿಯ ಎನ್‌ಎಂಎಂಎಸ್ ಆ್ಯಪಿನಲ್ಲಿ ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೋ ಹಾಕುವುದು 2023ರ ಜನವರಿ 1ರಿಂದ ಕಡ್ಡಾಯವಾಯಿತು. ಬಿಸಿಲಿಗೆ ಕಾದ ಅಗ್ಗದ ಸೆಟ್ಟು ಫೋಟೋ ಹೊತ್ತಿಗೆ ಹ್ಯಾಂಗ್ ಆದರೆ ಹೋಗುವುದು ಗುಂಪಿನವರ ಹಾಜರಿ. ಇಂಥ ಕೆಲಸಕ್ಕೆ ಬೇಕಾದ ಸೆಟ್ಟನ್ನು ಕೆಲಸ ಕೊಡುವವರೇ ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಲೆಕ್ಕ ಹಾಕಿ ನೋಡಿ. ₹7,000ದ ಸೆಟ್ಟು ಎರಡು ವರ್ಷ ಬಾಳಿದರೆ ತಿಂಗಳಿಗೆ ಸುಮಾರು ₹290. ₹15,000ದ್ದು, ನಡುವೆ ₹1,000 ಕೊಟ್ಟು ಬ್ಯಾಟರಿ ಬದಲಾಯಿಸಿ, ಐದು ವರ್ಷ ಬಾಳಿದರೆ ತಿಂಗಳಿಗೆ ₹270ರೊಳಗೆ. ದುಬಾರಿ ಸೆಟ್ಟೇ ಅಗ್ಗ. ಆದರೆ ಒಮ್ಮೆಗೇ ₹15,000 ಕೈಯಲ್ಲಿ ಇರಬೇಕಲ್ಲ? ಕೂಲಿಯ ಮನೆಯಲ್ಲಿ ಇರುವುದಿಲ್ಲ; ಕಂತಿಗೆ ಹೋದರೆ ಬಡ್ಡಿ ಸೇರುತ್ತದೆ. ಬಡವರಿಗೆ ಅಗ್ಗದ ಸೆಟ್ಟು ತಗೋಬೇಡಿ ಎಂದು ಬುದ್ಧಿ ಹೇಳುವುದು ಸುಲಭ, ನಾನು ಹೇಳುವುದಿಲ್ಲ. ನಾನು ಹೇಳುವುದು: ಹೊಸ ಸೆಟ್ಟಾದರೆ ಊರಲ್ಲಿ ನಾಲ್ಕು ಜನ ಬಳಸುವ ಮಾಡೆಲ್ ನೋಡಿ, ಪಾರ್ಟು ಸಿಗುತ್ತದೆ. ಒಳಗಿನ ಜಾಗ 128 ಜಿಬಿಗೆ ಕಡಿಮೆ ಬೇಡ. ಕ್ಯಾಮೆರಾದ ಅಂಕಿಗೆ ಮರುಳಾಗಬೇಡಿ. ಅಪ್‌ಡೇಟು ಎಷ್ಟು ವರ್ಷ ಬರುತ್ತದೆಂದು ಅಂಗಡಿಯವರನ್ನು ಕೇಳಿ, ಗೊತ್ತಿಲ್ಲ ಅಂದರೆ ಮುಂದಿನ ಅಂಗಡಿಗೆ ಹೋಗಿ. ದುಡ್ಡು ಅಷ್ಟೇ ಇದ್ದರೆ, ಬಿಲ್ಲು ಇರುವ ಒಳ್ಳೆಯ ಸೆಕೆಂಡ್‌ಹ್ಯಾಂಡ್ ಮೇಲು.

ಕಂಪನಿಗಳು ಮನಸ್ಸು ಮಾಡಿದರೆ ಆಗದ ಕೆಲಸವೇನಲ್ಲ. 2024ರಲ್ಲಿ ₹18,999ಕ್ಕೆ ಬಂದ ಸ್ಯಾಮ್‌ಸಂಗ್ ಎ16 5ಜಿಗೆ ಆರು ವರ್ಷದ ಅಪ್‌ಡೇಟು ಕೊಡುತ್ತೇವೆಂದು ಕಂಪನಿ ಹೇಳಿದೆ. ಅದರ ಅರ್ಧ ಬೆಲೆಯ ಸೆಟ್ಟಿಗೆ ಮೂರು ನಾಲ್ಕು ವರ್ಷವಾದರೂ ಕೊಡಬಹುದು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಕಾನೂನೇ ಇದೆ: ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟು, ಏಳು ವರ್ಷ ಬಿಡಿಭಾಗ. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ, ಒಳ್ಳೆಯ ಆರಂಭ. ಹೊಸಪೇಟೆಯ ಗಿರಾಕಿಗೆ ಅದಕ್ಕಿಂತ ಹತ್ತಿರದ್ದೊಂದು ಬೇಕು. ಬಿಸ್ಕತ್ತಿನ ಪೊಟ್ಟಣದ ಮೇಲೆ ಯಾವತ್ತಿನವರೆಗೆ ತಿನ್ನಬಹುದು ಎಂದು ಬರೆದಿರುತ್ತದೆ. ಫೋನಿನ ಬಾಕ್ಸಿನ ಮೇಲೆ ಎಂಆರ್‌ಪಿ ಇದೆ, ತಯಾರಾದ ತಿಂಗಳಿದೆ. ಅದರ ಕೆಳಗೆ, ಯಾವ ತಿಂಗಳವರೆಗೆ ಅಪ್‌ಡೇಟು, ಯಾವ ವರ್ಷದವರೆಗೆ ಬ್ಯಾಟರಿ ಮತ್ತು ಡಿಸ್ಪ್ಲೇ ಸಿಗುತ್ತವೆ ಎಂಬ ಎರಡು ಸಾಲನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ. ಸರ್ಕಾರದವರಿಗೂ ಕಂಪನಿಗಳಿಗೂ ನನ್ನ ಬೇಡಿಕೆ ಇಷ್ಟೇ.