ಊರಿನ ಸೈಕಲ್ಲು

ನಾನು ಹುಡುಗನಾಗಿದ್ದಾಗ ಮೈಸೂರಿನ ನಮ್ಮ ಬೀದಿಯ ತಿರುವಿನಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿಯೊಂದಿತ್ತು. ಗಂಟೆಗೆ ಇಷ್ಟು ಎಂದು ಚಿಲ್ಲರೆ ಕಾಸು ಕೊಟ್ಟರೆ ಸೈಕಲ್ಲು ಅಷ್ಟು ಹೊತ್ತು ನಮ್ಮದು. ಅಂಗಡಿಯ ಸಾಹೇಬರು ಸೈಕಲ್ಲಿನ ನಂಬರನ್ನೂ ಹೊರಟ ಹೊತ್ತನ್ನೂ ಎಣ್ಣೆಯ ಕಲೆಗಳಿಂದ ಕಪ್ಪಾದ ಪುಸ್ತಕವೊಂದರಲ್ಲಿ ಬರೆದುಕೊಳ್ಳುತ್ತಿದ್ದರು. ಠೇವಣಿ ಕೇಳುತ್ತಿರಲಿಲ್ಲ. “ಯಾರ ಮನೆ ಹುಡುಗನಪ್ಪಾ ನೀನು?” ಎಂದು ಕೇಳುತ್ತಿದ್ದರು, ಅಷ್ಟೆ. ಅಪ್ಪನ ಹೆಸರೇ ಠೇವಣಿ. ಗುರುತಿಲ್ಲದವನಿಗೆ ಮಾತ್ರ ಸೈಕಲ್ಲು ಇಲ್ಲ.

ಊರು ಬೆಳೆದು, ಯಾರಿಗೆ ಯಾರೂ ಗುರುತಿಲ್ಲದಂತಾದಾಗ ಮಾಡುವುದೇನು? ಗುರುತಿಲ್ಲದವನ ಕೈಗೆ ಸೈಕಲ್ಲನ್ನು ಒಪ್ಪಿಸುವುದು ಹೇಗೆ? ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಇದಕ್ಕೆ ಉತ್ತರ ಹುಡುಕುವುದರಲ್ಲಿ ಜಗತ್ತಿನ ನಗರಗಳು ಅರ್ಧ ಶತಮಾನವನ್ನು ಕಳೆದಿವೆ. ಆ ಕಥೆ ಕೇಳುವಂಥದು.

ಕಥೆ ತೊಡಗುವುದು 1965ರ ಆಮ್‌ಸ್ಟರ್‌ಡಾಮಿನಲ್ಲಿ. ಸೈಕಲ್ಲಿಗೆ ಹೆಸರಾದ ಆ ನಗರದ ಕಿರಿದಾದ ಬೀದಿಗಳಲ್ಲಿ ಆಗ ಮೋಟಾರು ಕಾರುಗಳು ಕಿಕ್ಕಿರಿಯತೊಡಗಿದ್ದವು. ‘ಪ್ರೊವೊ’ ಎಂಬ ತರುಣರ ಗುಂಪೊಂದು ಇದನ್ನು ಪ್ರತಿಭಟಿಸಿತು. ಅವರಲ್ಲೊಬ್ಬನಾದ ಲ್ಯೂಡ್ ಸ್ಖಿಮ್ಮೆಲ್‌ಪೆನಿಂಕ್ ಎಂಬಾತನ ಯೋಜನೆ ಬಲು ಸರಳ: ಸೈಕಲ್ಲುಗಳಿಗೆ ಬಿಳಿಯ ಬಣ್ಣ ಬಳಿದು, ಬೀಗ ಹಾಕದೆ ಬೀದಿಯಲ್ಲಿ ಬಿಡುವುದು, ಬೇಕಾದವರು ಹತ್ತಿ ಹೋಗಿ, ಇಳಿದಲ್ಲಿ ಬಿಟ್ಟರೆ ಮುಂದೆ ಬಂದವರಿಗೆ ಅದು ಒದಗುತ್ತದೆ. ಬಣ್ಣವನ್ನೇನೋ ಬಳಿದರು. ಪೊಲೀಸರು ಬಂದು ಸೈಕಲ್ಲುಗಳನ್ನು ಎತ್ತಿಕೊಂಡು ಹೋದರು! ಬೀಗವಿಲ್ಲದ ಸೈಕಲ್ಲನ್ನು ಬೀದಿಯಲ್ಲಿ ಬಿಡುವುದು ಕಳ್ಳರನ್ನು ಕರೆದಂತೆ, ಅದು ನಿಯಮಕ್ಕೆ ವಿರುದ್ಧ ಎಂಬುದು ಅವರ ವಾದ. ತರುಣರೂ ಸೋಲಲಿಲ್ಲ. ಅಂಕಿಗಳ ಬೀಗ ಹಾಕಿ, ಆ ಅಂಕಿಗಳನ್ನು ಸೈಕಲ್ಲಿನ ಮೇಲೆಯೇ ಬರೆದಿಟ್ಟರು. ನಮ್ಮೂರಿನಲ್ಲಿ ಬಿಲ್ಲೆಯಿಲ್ಲದ ಸೈಕಲ್ಲನ್ನು ಪೊಲೀಸರು ಹಿಡಿಯುತ್ತಿದ್ದುದನ್ನು ಕಂಡ ನನಗೆ ಈ ಪ್ರಸಂಗ ಓದಿದಾಗಲೆಲ್ಲ ನಗು ಬರುತ್ತದೆ.

ನಗರಸಭೆ ಈ ಯೋಜನೆಯನ್ನು ಒಪ್ಪಲಿಲ್ಲ. ಆದರೆ ತರುಣರ ಚೇಷ್ಟೆಯ ಹಿಂದೆ ಇದ್ದ ಸಂಕಟ ನಿಜವಾದದ್ದು. 1971ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ವಾಹನಗಳಿಗೆ ಸಿಕ್ಕಿ ಸತ್ತರು; ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ತಾಯಿತಂದೆಯರು ಬೀದಿಗಿಳಿದು ಚಳವಳಿ ಹೂಡಿದರು. ಇಂದು ಅಲ್ಲಿ ಶಾಲೆಯ ಮಕ್ಕಳು ತಮ್ಮದೇ ಸೈಕಲ್ ದಾರಿಯಲ್ಲಿ ನಿರ್ಭಯವಾಗಿ ಹೋಗುವುದನ್ನು ನೋಡಿ ಬಂದವರು ಹೊಗಳುತ್ತಾರೆ. ಅದು ತಾನಾಗಿ ಬಂದ ಭಾಗ್ಯವಲ್ಲ, ಬೇಡಿ ಕಾಡಿ ಪಡೆದದ್ದು.

ಬಿಳಿಯ ಸೈಕಲ್ಲು ಬಿಟ್ಟುಹೋದ ಪ್ರಶ್ನೆಯನ್ನು ಕೋಪನ್‌ಹೇಗನ್ ನಗರ 1995ರಲ್ಲಿ ಮತ್ತೆ ಕೈಗೆತ್ತಿಕೊಂಡಿತು. ಅಲ್ಲಿ 20 ಕ್ರೋನರ್ ನಾಣ್ಯವನ್ನು ಬೀಗದೊಳಗೆ ಹಾಕಿದರೆ ಸೈಕಲ್ಲು ಬಿಡುಗಡೆ. ಹಿಂದಕ್ಕೆ ತಂದು ನಿಲ್ಲಿಸಿದರೆ ನಾಣ್ಯ ವಾಪಸು. ಆದರೆ ನಾಣ್ಯಕ್ಕೆ ಬೆಲೆಯಿದೆ, ಹೆಸರಿಲ್ಲ. ಒಯ್ದವರು ಯಾರೆಂದು ಅದು ಹೇಳದು. ಕಳುವು ನಿಲ್ಲಲಿಲ್ಲ. 1998ರಲ್ಲಿ ಫ್ರಾನ್ಸಿನ ರೆನ್ ನಗರ ನಾಣ್ಯದ ಬದಲು ಕಾರ್ಡನ್ನು ತಂದಿತು. ಕಾರ್ಡು ತೋರಿಸಿದೊಡನೆ ಹೊರಟವರ ಹೆಸರೂ ಹೊತ್ತೂ ದಾಖಲು! ನಮ್ಮ ಸಾಹೇಬರ ಎಣ್ಣೆಗಲೆಯ ಪುಸ್ತಕ ಯಂತ್ರದೊಳಗೆ ಮರುಹುಟ್ಟು ಪಡೆದಿತ್ತು. 2005ರಲ್ಲಿ ಲಿಯೋನ್, 2007ರಲ್ಲಿ ಪ್ಯಾರಿಸ್ ಇದನ್ನೇ ದೊಡ್ಡದಾಗಿ ನಡೆಸಿದವು. 2008ರಲ್ಲಿ ಚೀನದ ಹಾಂಗ್‌ಜೌ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಸ್ಸು ಹತ್ತುವ ಕಾರ್ಡಿನಿಂದಲೇ ಸೈಕಲ್ಲನ್ನೂ ಪಡೆಯುವಂತೆ ಮಾಡಿತು. ಬಸ್ಸು ಮುಟ್ಟಿಸಲಾರದ ಕೊನೆಯ ಒಂದೆರಡು ಮೈಲಿಯನ್ನು ಸೈಕಲ್ಲು ಮುಟ್ಟಿಸಿತು.

ನಮ್ಮ ಮೈಸೂರಿಗೂ ಈ ಗಾಳಿ ಬೀಸಿತು. 2012ರಲ್ಲಿ ನಗರದ ಬಸ್ಸುಗಳಿಗೆ ಉಪಗ್ರಹದ ನೆರವಿನಿಂದ ಜಾಡು ಹೇಳುವ ಯಂತ್ರಗಳನ್ನು ಅಳವಡಿಸಿ, ಮುಂದಿನ ಬಸ್ಸು ಯಾವಾಗ ಬರುವುದೆಂದು ನಿಲ್ದಾಣದ ಫಲಕಗಳಲ್ಲಿ ತೋರಿಸತೊಡಗಿದರು. 2017ರ ಜೂನ್ ತಿಂಗಳಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಇಂಪಾದ ಹೆಸರಿನಿಂದ ಸಾರ್ವಜನಿಕ ಸೈಕಲ್ಲುಗಳು ಬಂದವು. 48 ನಿಲ್ದಾಣಗಳು, 450 ಸೈಕಲ್ಲುಗಳು. ಹಳ್ಳಿಯ ಬಸ್ಸಿನಿಂದಿಳಿದ ಕಾಲೇಜು ಹುಡುಗಿಯೊಬ್ಬಳು ಕಾರ್ಡು ತೋರಿಸಿ, ಚೀಲವನ್ನು ಬುಟ್ಟಿಯಲ್ಲಿಟ್ಟು, ಯಾರನ್ನೂ ಕಾಯದೆ ಯಾರನ್ನೂ ಕೇಳದೆ ಹೊರಟುಹೋದುದನ್ನು ನಾನು ಕಂಡೆ. “ಯಾರ ಮನೆಯವಳಮ್ಮಾ ನೀನು?” ಎಂದು ಅವಳನ್ನು ಯಾರೂ ಕೇಳಲಿಲ್ಲ. ಹಿಂದಿನ ಕಾಲವನ್ನು ಹೊಗಳುವ ಚಪಲವುಳ್ಳ ನಾನು ಆ ದಿನ ಬಾಯಿ ಮುಚ್ಚಿಕೊಂಡೆ. ನಮ್ಮ ಸಾಹೇಬರ ಅಂಗಡಿಯಲ್ಲಿ ಅವಳಿಗೆ ಸೈಕಲ್ಲು ಸಿಕ್ಕುತ್ತಿರಲಿಲ್ಲ.

ಹಾಗಾದರೆ ಯಂತ್ರ ಗೆದ್ದಿತೆನ್ನೋಣವೆ? ಅವಸರ ಬೇಡ. ಪ್ಯಾರಿಸ್ಸಿನಲ್ಲಿ ಕಾರ್ಡಿದ್ದೂ ಸಾವಿರಾರು ಸೈಕಲ್ಲುಗಳು ಕಳುವಾದವು, ಮುರಿದುಬಿದ್ದವು. ಕೆಲವು ಸೇನ್ ನದಿಯ ಪಾಲಾದವು. 2016ರ ಸುಮಾರಿಗೆ ಚೀನದಲ್ಲಿ ನಿಲ್ದಾಣವೇ ಬೇಡದ ಸೈಕಲ್ಲುಗಳು ಬಂದವು. ಅವು ಎಲ್ಲಿವೆಯೆಂದು ಉಪಗ್ರಹದ ನೆರವಿನಿಂದ ಯಂತ್ರಕ್ಕೆ ಗೊತ್ತು. ಗೊತ್ತಿದ್ದೇನು? ಎರಡೇ ವರ್ಷಗಳಲ್ಲಿ ಅಲ್ಲಿನ ಊರುಗಳ ಅಂಚಿನಲ್ಲಿ ಬೇಡವಾದ ಸೈಕಲ್ಲುಗಳು ಬೆಟ್ಟದಂತೆ ರಾಶಿಬಿದ್ದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಎಲ್ಲಿದೆಯೆಂದು ಬಲ್ಲ ಯಂತ್ರವಿತ್ತು. ತನ್ನದೆಂದು ಬಗೆಯುವ ಮನುಷ್ಯನಿರಲಿಲ್ಲ.

ಒಂದು ಸಂಜೆ ನಮ್ಮ ಬಡಾವಣೆಯ ಚರಂಡಿಯಲ್ಲಿ ಇಂಥದೇ ಊರಿನ ಸೈಕಲ್ಲೊಂದು ಮುಗ್ಗರಿಸಿ ಬಿದ್ದಿತ್ತು. ನಾನೂ ನೋಡಿದೆ. ಸಂಬಂಧಪಟ್ಟವರು ಬಂದು ಎತ್ತುತ್ತಾರೆ ಎಂದುಕೊಂಡು ಮುಂದೆ ನಡೆದೆ. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ, ತಳ್ಳುಗಾಡಿಯ ಸೊಪ್ಪಿನವಳು ಸೆರಗು ಸಿಕ್ಕಿಸಿಕೊಂಡು ಅದನ್ನು ಎಳೆದು ನಿಲ್ಲಿಸುತ್ತಿದ್ದಳು. ಹಿಂದಿರುಗಿ ಕೈಹಾಕಿದೆ. “ನಿಮ್ದಾ ಸ್ವಾಮಿ?” ಎಂದಳು. “ಅಲ್ಲಮ್ಮ” ಎಂದೆ. ಹೇಳಿದ ಮೇಲೆ ನಾಚಿಕೆಯಾಯಿತು. ನನ್ನದಲ್ಲದೆ ಅದು ಇನ್ನಾರದು?

ಬೇಸಿಗೆಯಲ್ಲಿ ನಮ್ಮ ಕಡೆ ಅರವಟ್ಟಿಗೆ ಇಡುವ ಪದ್ಧತಿಯುಂಟು. ಲೋಟವನ್ನು ಯಾರಾದರೂ ಒಯ್ದಾರೆಂದು ಅದಕ್ಕೆ ಸರಪಳಿ ಕಟ್ಟಿರುವುದೂ ಉಂಟು. ಕಟ್ಟಿದವರನ್ನು ನಾನು ಹಳಿಯುವುದಿಲ್ಲ, ಸರಪಳಿ ಇರಬೇಕಾದದ್ದೇ. ಆದರೆ ಸರಪಳಿ ಲೋಟವನ್ನು ಕಾಯಬಲ್ಲುದು, ಗಡಿಗೆಗೆ ನೀರು ತುಂಬಲಾರದು. ಅದಕ್ಕೆ ಬೆಳಗಾಗೆದ್ದು ಯಾರಾದರೂ ಕೊಡ ಹೊತ್ತು ತರಲೇಬೇಕು.