ಧಾತು-ಈಶ್ವರದ ಬರ ಮತ್ತು ಮನೆ ಬಿಟ್ಟು ಬರಲಾರದವರು

ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನವು ಶ್ರಾವಕನ ಕರ್ತವ್ಯವೆಂದು ಹಿರಿಯರು ವಿಧಿಸಿದ್ದಾರೆ. ನಾಡಿನ ದಾನಶಾಸನಗಳಲ್ಲಿ ಕೊಟ್ಟವರ ಹೆಸರು, ಭೂಮಿಯ ಎಲ್ಲೆ, ಗದ್ಯಾಣಗಳ ಲೆಕ್ಕ ಇವೆಲ್ಲ ದೊರೆಯುತ್ತವೆ. ಆದರೆ ಪಡೆಯಬೇಕಾದವನು ದಾನಶಾಲೆಯವರೆಗೆ ನಡೆದು ಬರಲಾರದೆ ಹೋದರೆ ಗತಿಯೇನು? ಈ ಪ್ರಶ್ನೆಯು ನಮ್ಮ ಬಳ್ಳಾರಿ ಸೀಮೆಯಲ್ಲಿ ಒಮ್ಮೆ ಅತಿ ದಾರುಣವಾಗಿ ಎದ್ದಿತು.

ಅದು 1876ರಿಂದ 78ರವರೆಗಿನ ಮಹಾಕ್ಷಾಮ. ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದುದರಿಂದ ಜನರು ಅದನ್ನು ಆ ಹೆಸರಿನಿಂದಲೇ ಕರೆದರು. ತುಂಗಭದ್ರಾ ಅಣೆಕಟ್ಟೆಯ ಕಾಲುವೆಗಳು ಅಂದು ಇರಲಿಲ್ಲ. ಬಾದನಹಟ್ಟಿ, ಕುರುಗೋಡುಗಳ ಕಡೆಯ ಎರೆಹೊಲಗಳ ಜೋಳವೂ ಹತ್ತಿಯೂ ಮುಗಿಲನ್ನೇ ನಂಬಿದ್ದವು. ಮದರಾಸು ಪ್ರಾಂತಕ್ಕೆ ಸೇರಿದ್ದ ಈ ಜಿಲ್ಲೆಯು ಅತ್ಯಂತ ಹೆಚ್ಚು ನರಳಿದವುಗಳಲ್ಲೊಂದು. 1871 ಮತ್ತು 1881ರ ಜನಗಣತಿಗಳ ನಡುವೆ ಇಲ್ಲಿನ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಕುಗ್ಗಿತು.

ಧಾನ್ಯವು ಇರಲೇ ಇಲ್ಲವೆಂದಲ್ಲ. ಮದರಾಸಿನಿಂದ ರೈಲಿನಲ್ಲಿ ಬರುತ್ತಿದ್ದಿತು. ಕೊಳ್ಳುವ ಶಕ್ತಿ ಜನರಲ್ಲಿ ಇರಲಿಲ್ಲ. ಖಾಸಗಿ ವ್ಯಾಪಾರಕ್ಕೆ ಕೈಹಾಕಬಾರದೆಂಬುದು ಹಿಂದೂಸ್ತಾನ ಸರ್ಕಾರದ ನೀತಿಯಾಗಿದ್ದಿತು. ಬೆಲೆ ಏರಿದಾಗ ಲಾಭ ಪಡೆದ ವರ್ತಕರೂ ಇದ್ದರು. ನಾನೂ ವರ್ತಕನೇ ಆದುದರಿಂದ ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ಬಿಟ್ಟರೆ ಚರಿತ್ರೆಯಾಗಲಾರದು.

ಸರ್ಕಾರವು ರಸ್ತೆ, ಕೆರೆಗಳ ಕೆಲಸ ತೆರೆದು ಕೂಲಿ ಕೊಟ್ಟಿತು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಬಂದು, ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದಾಣೆ ಸಾಕೆಂದನು. ಅಷ್ಟರಿಂದ ದೇಹ ಉಳಿಯದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಿದರು. ಮುಂದೆ ಕೂಲಿಯನ್ನು ಹೆಚ್ಚಿಸಬೇಕಾಯಿತು. ದುಡಿಯಲಾರದವರಿಗೆ ಗಂಜಿಯ ಶಿಬಿರಗಳಿದ್ದವು. ಆದರೆ ಊರು ಬಿಟ್ಟು ಶಿಬಿರದಲ್ಲಿ ಉಂಡು ಮಲಗಲು ಎಷ್ಟೋ ಜನ ಅಂಜಿದರು, ಮಾನಕ್ಕಾಗಿಯೂ ಜಾತಿಗಾಗಿಯೂ.

ಹಾಸಿಗೆ ಹಿಡಿದ ಅತ್ತೆಯೂ ಮೊಲೆಯುಣ್ಣುವ ಕೂಸೂ ಇದ್ದ ಮನೆಯ ಸೊಸೆಯು ಕಲ್ಲು ಹೊರಲು ಹೇಗೆ ಹೋದಾಳು? ಅವಳು ರೋಗಿಯಲ್ಲ, ಅಂಗವಿಕಲಳಲ್ಲ, ನೋಡುವವರಿಗೆ ಗಟ್ಟಿಮುಟ್ಟಾದವಳು. ಹೋದರೆ ಮನೆಯಲ್ಲಿದ್ದವರು ಸಾಯುವರು, ಉಳಿದರೆ ಮೂವರೂ ಉಪವಾಸ. ಹಳ್ಳಿಯಲ್ಲಿಯೇ ಹಣ ಹಂಚುವ ಏರ್ಪಾಡು ಕ್ರಮೇಣ ಬೆಳೆಯಿತು. 1877ರಲ್ಲಿ ಇಂಗ್ಲೆಂಡಿನಲ್ಲಿಯೂ ಇಲ್ಲಿಯೂ ಕೂಡಿದ ಕ್ಷಾಮನಿಧಿಯಿಂದ ರೈತರಿಗೆ ಎತ್ತು, ಬೀಜ, ಬಟ್ಟೆ, ಬಿದ್ದ ಮನೆಗಳ ದುರಸ್ತಿಗೆ ಸಹಾಯ ದೊರೆಯಿತು.

ಕ್ಷಾಮದ ಬಳಿಕ ನೇಮಕವಾದ ಆಯೋಗವು 1880ರಲ್ಲಿ ವರದಿ ಕೊಟ್ಟು, ಅದರ ಮೇಲೆ 1883ರಲ್ಲಿ ಕ್ಷಾಮಸಂಹಿತೆಯ ಕರಡು ಸಿದ್ಧವಾಯಿತು. ಅದರಿಂದ ಬೆಳೆದ ಪ್ರಾಂತಗಳ ಸಂಹಿತೆಗಳಲ್ಲಿ ಉಚಿತ ಪರಿಹಾರಕ್ಕೆ ಅರ್ಹರು ಯಾರೆಂಬ ಪಟ್ಟಿಯಿದೆ: ಕುರುಡರು, ಕುಂಟರು, ಮುದುಕರು, ಬುದ್ಧಿ ತಪ್ಪಿದವರು. ಇವರೊಡನೆ, ರೋಗಿಗಳನ್ನೋ ಎಳೆಮಕ್ಕಳನ್ನೋ ನೋಡಿಕೊಳ್ಳಲು ಮನೆಯಲ್ಲಿ ಇರಲೇಬೇಕಾದವರು ಎಂಬ ಒಂದು ವರ್ಗವೂ ಸೇರಿತು. ನನ್ನ ಮಟ್ಟಿಗೆ ಆ ಸಂಹಿತೆಯಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಆರೈಕೆಯೂ ಒಂದು ದುಡಿಮೆಯೆಂದು ಸರ್ಕಾರದ ಕಾಗದವು ಒಪ್ಪಿದಂತಾಯಿತು. ಆ ಸೊಸೆಯಂಥವರು ಎಷ್ಟು ಮಂದಿ ಸತ್ತ ಮೇಲೆ ಈ ಸಾಲು ಬಂದಿತೋ!

ಅದೇ ವಿಚಾರವು ನಮ್ಮ ಕಾಲದಲ್ಲಿ ಮತ್ತೆ ಕಾಣಿಸಿಕೊಂಡಿತು. ಪಾರ್ಕಿನ್ಸನ್ಸ್ ಮುಂತಾದ ಕೆಲವು ಕಾಯಿಲೆಗಳವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ಕರ್ನಾಟಕ ಸರ್ಕಾರವು 2024ರ ಆಯವ್ಯಯದಲ್ಲಿ ಘೋಷಿಸಿತು.

ನಾನು ಹುಡುಗನಾಗಿದ್ದಾಗ ನಮ್ಮ ಅಂಗಡಿಯ ಉದ್ರಿ ಗಿರಾಕಿಗಳಲ್ಲಿ ಒಬ್ಬಾಕೆ ಹಠಾತ್ತನೆ ಬರುವುದನ್ನು ನಿಲ್ಲಿಸಿದರು. ಬಾಕಿಗೆ ಹೆದರಿ ಬೇರೆ ಅಂಗಡಿ ಹಿಡಿದಿರಬೇಕೆಂದು ನಾನು ಎಣಿಸಿದೆ. ತಂದೆಯವರು ವಿಚಾರಿಸಲಾಗಿ, ಗಂಡನಿಗೆ ಪಾರ್ಶ್ವವಾಯು ಬಡಿದಿತ್ತು. ಅಂದಿನಿಂದ ಪ್ರತಿ ಸೋಮವಾರ ಜೋಳ, ಬೇಳೆಗಳ ಚೀಲವನ್ನು ನನ್ನ ತಲೆಯ ಮೇಲೆ ಹೊರಿಸಿ ಕಳುಹಿಸಿದರು. ಕತ್ತಲಾದ ಮೇಲೆಯೇ ಹೋಗಬೇಕೆಂಬುದು ಅವರ ಕಟ್ಟಪ್ಪಣೆ. ಆಕೆಯ ಖಾತೆಯ ಪುಟ ಈಗಲೂ ನಮ್ಮಲ್ಲಿದೆ. ಹಳೆಯ ಬಾಕಿಯ ಕೆಳಗೆ ಗೆರೆ ಎಳೆದಿದ್ದಾರೆ. ಸೋಮವಾರದ ಚೀಲಗಳು ಅದರಲ್ಲಿ ಜಮೆಯಾಗಿಲ್ಲ, ಖರ್ಚಿಗೂ ಬಿದ್ದಿಲ್ಲ.