ಓ-ಗ್ಲಕ್‌ನ್ಯಾಕ್ ಸಂಶೋಧನೆಯ ಇತಿಹಾಸ

ಜೀವಕೋಶದ ಒಳಗಿನ ಪ್ರೋಟೀನುಗಳಲ್ಲಿರುವ ಸೆರಿನ್ ಅಥವಾ ಥ್ರಿಯೊನಿನ್ ಎಂಬ ಅಮೈನೊ ಆಮ್ಲಗಳಿಗೆ ಎನ್-ಅಸಿಟೈಲ್‌ಗ್ಲುಕೋಸಮೈನ್ ಎಂಬ ಸಕ್ಕರೆಯ ಒಂದೇ ಒಂದು ಅಣು ಸೇರಿಕೊಳ್ಳುವ ಮಾರ್ಪಾಡನ್ನು ಓ-ಗ್ಲಕ್‌ನ್ಯಾಕ್ ಎನ್ನುತ್ತಾರೆ. ಸಕ್ಕರೆ ಸೇರಿದ ಪ್ರೋಟೀನುಗಳು, ಅಂದರೆ ಗ್ಲೈಕೊಪ್ರೋಟೀನುಗಳು, ಕೋಶದ ಹೊರಮೈಯಲ್ಲಿ, ಸ್ರಾವಗಳಲ್ಲಿ ಮತ್ತು ಒಳಪೊರೆಗಳು ಸುತ್ತುವರಿದ ಕೋಣೆಗಳಲ್ಲಿ ಮಾತ್ರ ಇರುತ್ತವೆ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಿದ್ದುದರಿಂದ, ಕೋಶಕೇಂದ್ರದಲ್ಲೂ ಕೋಶದ್ರವದಲ್ಲೂ ನೆಲೆಸಿರುವ ಈ ಸಕ್ಕರೆ ತಡವಾಗಿ ಗಮನಕ್ಕೆ ಬಂದಿತು.

1984ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕಾರ್ಮೆನ್-ರೋಸಾ ಟೋರೆಸ್ ಮತ್ತು ಜೆರಾಲ್ಡ್ ಹಾರ್ಟ್ ಇದನ್ನು ಗುರುತಿಸಿದಾಗ ಅವರು ಹುಡುಕುತ್ತಿದ್ದುದು ಬೇರೆಯದನ್ನೇ. ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಹೊರಮೈಯಲ್ಲಿ ಈ ಸಕ್ಕರೆ ಎಲ್ಲೆಲ್ಲಿ ತುದಿಗೆ ಬಂದಿದೆ ಎಂದು ತಿಳಿಯಲು ಅವರು ಹಸುವಿನ ಹಾಲಿನಿಂದ ತೆಗೆದ ಒಂದು ಕಿಣ್ವದ ನೆರವಿನಿಂದ ವಿಕಿರಣಶೀಲ ಗ್ಯಾಲಕ್ಟೋಸನ್ನು ಅದರ ಮೇಲೆ ಕೂರಿಸುತ್ತಿದ್ದರು. ಕೋಶವನ್ನು ಒಡೆದಾಗ ಗುರುತು ಬಿದ್ದ ಸಕ್ಕರೆಯ ಬಹುಪಾಲು ಒಳಗಡೆಯೇ ಇತ್ತೆಂಬುದು ಹೊರಬಿದ್ದಿತು. 1986ರಲ್ಲಿ ಹೋಲ್ಟ್ ಮತ್ತು ಹಾರ್ಟ್ ಇಲಿಯ ಯಕೃತ್ತಿನಲ್ಲಿ ಅದನ್ನು ಕೋಶಕೇಂದ್ರದ ಪೊರೆಯವರೆಗೆ ಹಿಂಬಾಲಿಸಿದರು; ಅಲ್ಪಕಾಲದಲ್ಲೇ ಕೋಶಕೇಂದ್ರದ ರಂಧ್ರಗಳ ಪ್ರೋಟೀನುಗಳಲ್ಲೂ, 1988ರಲ್ಲಿ ಜಾಕ್ಸನ್ ಮತ್ತು ಟ್ಜಿಯಾನ್ ಅವರ ಕೆಲಸದಿಂದ ವಂಶವಾಹಿಗಳನ್ನು ಚಾಲೂ ಮಾಡುವ ಪ್ರೋಟೀನುಗಳಲ್ಲೂ ಅದು ಕಂಡಿತು. ಈ ಸಕ್ಕರೆಗೆ ವಿದ್ಯುದಾವೇಶವಿಲ್ಲ, ಗಾತ್ರವೂ ಕಿರಿದು. ಹಾಗಾಗಿ ಪ್ರೋಟೀನುಗಳನ್ನು ಬೇರ್ಪಡಿಸುವ ಜೆಲ್‌ನಲ್ಲಿ ಅದರ ಇರವು ಸಾಮಾನ್ಯವಾಗಿ ತಿಳಿಯುತ್ತಿರಲಿಲ್ಲ. ಕೋಶ ಒಡೆದೊಡನೆ ಕಿಣ್ವಗಳು ಅದನ್ನು ಕಿತ್ತುಹಾಕುತ್ತಿದ್ದವು, ದ್ರವ್ಯರಾಶಿ ಮಾಪಕದಲ್ಲಿಯೂ ಅದು ಮೊದಲೇ ಕಳಚಿ ಬೀಳುತ್ತಿತ್ತು.

ಸಕ್ಕರೆಯನ್ನು ಕೂರಿಸುವ ಕಿಣ್ವವಾದ ಓಜಿಟಿಯ ವಂಶವಾಹಿಯನ್ನು 1997ರಲ್ಲಿ ಹಾರ್ಟ್ ಮತ್ತು ಜಾನ್ ಹ್ಯಾನೋವರ್ ಅವರ ತಂಡಗಳು ಪ್ರತ್ಯೇಕವಾಗಿ ಗುರುತಿಸಿದವು. ಅದನ್ನು ತೆಗೆಯುವ ಕಿಣ್ವವಾದ ಓಜಿಎಯ ದಾಖಲೆ ಇಷ್ಟು ನೇರವಾಗಿಲ್ಲ. ಇಲಿಯ ಗುಲ್ಮದಿಂದ ಅದನ್ನು ಶುದ್ಧೀಕರಿಸಿದ್ದು 1994ರಲ್ಲಿ; ಆದರೆ ಅದರ ವಂಶವಾಹಿ 1998ರಲ್ಲಿ ಮೆನಿಂಜಿಯೋಮ ಎಂಬ ಮಿದುಳಿನ ಹೊದಿಕೆಯ ಗಡ್ಡೆಗೆ ಸಂಬಂಧಿಸಿದ ಪ್ರತಿಜನಕವಾಗಿ ವರದಿಯಾಗಿ, ಹೈಯಲುರೊನಿಡೇಸ್ ಎಂಬ ಬೇರೊಂದು ಕಿಣ್ವದ ಹಣೆಪಟ್ಟಿ ಹೊತ್ತಿತ್ತು. ಎರಡೂ ಒಂದೇ ಎಂಬುದು ಸ್ಪಷ್ಟವಾದದ್ದು 2001ರಲ್ಲಿ. ಹಳೆಯ ಹೆಸರು ಮಾತ್ರ ಆಮೇಲೂ ವರ್ಷಗಟ್ಟಲೆ ಬಳಕೆಯಲ್ಲಿ ಉಳಿಯಿತು.

ಕೋಶದ ಸಂಕೇತ ವ್ಯವಸ್ಥೆಗೆ ಈ ಸಕ್ಕರೆಯ ನಂಟು ಫಾಸ್ಫೇಟಿನ ಮೂಲಕ ಬೆಳೆಯಿತು. ಹೊರಗಿನ ಸೂಚನೆಗಳಿಗೆ ಅನುಸಾರವಾಗಿ ಪ್ರೋಟೀನುಗಳಿಗೆ ಸೇರುವ ಮತ್ತು ಅವುಗಳಿಂದ ಕಳಚುವ ಫಾಸ್ಫೇಟು ಕೂರುವುದೂ ಇವೇ ಅಮೈನೊ ಆಮ್ಲಗಳ ಮೇಲೆ. ಲಿಂಫೋಸೈಟುಗಳು ಪ್ರಚೋದನೆಗೊಂಡಾಗ ಸಕ್ಕರೆಯ ಪ್ರಮಾಣ ಬೇಗನೆ ಬದಲಾಗುವುದನ್ನು 1991ರಲ್ಲಿ ತೋರಿಸಲಾಯಿತು. ಕ್ಯಾನ್ಸರಿಗೆ ಸಂಬಂಧಿಸಿದ ಸಿ-ಮಿಕ್ ಪ್ರೋಟೀನಿನ 58ನೆಯ ಥ್ರಿಯೊನಿನ್ ಎರಡಕ್ಕೂ ತಾಣವೆಂಬುದು 1995ರಲ್ಲಿ ತಿಳಿಯಿತು. ಒಂದು ಇದ್ದಲ್ಲಿ ಇನ್ನೊಂದಿಲ್ಲ ಎಂಬ ನಿರೂಪಣೆ ಇದರಿಂದ ಜನಪ್ರಿಯವಾಯಿತಾದರೂ ಅದು ಎಲ್ಲ ಪ್ರೋಟೀನುಗಳಿಗೂ ಹೊಂದುವ ನಿಯಮವಲ್ಲ: ಹಲವೆಡೆ ಎರಡೂ ಒಂದೇ ಪ್ರೋಟೀನಿನ ಬೇರೆ ಬೇರೆ ತಾಣಗಳಲ್ಲಿ ಜೊತೆಯಾಗಿಯೇ ಇರುತ್ತವೆ.

ಅತಿ ಹೆಚ್ಚು ವಿವಾದ ಕಂಡಿರುವುದು ಮಧುಮೇಹದ ಅಧ್ಯಾಯ. ಕೋಶಕ್ಕೆ ಬಂದ ಗ್ಲೂಕೋಸಿನ ಸಣ್ಣ ಪಾಲು ಹೆಕ್ಸೋಸಮೈನ್ ಮಾರ್ಗದಲ್ಲಿ ಸಾಗಿ ಓಜಿಟಿ ಬಳಸುವ ಕಚ್ಚಾವಸ್ತುವಾಗುತ್ತದೆ. ಈ ಮಾರ್ಗಕ್ಕೂ ಇನ್ಸುಲಿನ್ನಿಗೆ ಕೋಶ ಓಗೊಡದಿರುವುದಕ್ಕೂ ಸಂಬಂಧವಿದೆಯೆಂದು 1991ರಲ್ಲಿ ಮಾರ್ಷಲ್ ಮತ್ತು ಸಂಗಡಿಗರು ಸೂಚಿಸಿದ್ದರು. 2002ರಲ್ಲಿ ಹಾರ್ಟ್ ಅವರ ತಂಡವು ಪಗ್‌ನ್ಯಾಕ್ ಎಂಬ ರಾಸಾಯನಿಕದಿಂದ ಓಜಿಎಯನ್ನು ತಡೆದಾಗ ಕೊಬ್ಬಿನ ಕೋಶಗಳು ಇನ್ಸುಲಿನ್ನಿಗೆ ಮಂದವಾದವು. ಆದರೆ ಪಗ್‌ನ್ಯಾಕ್ ಲೈಸೊಸೋಮುಗಳಲ್ಲಿನ ಇತರ ಕಿಣ್ವಗಳನ್ನೂ ತಡೆಯುತ್ತದೆ. ಓಜಿಎಯನ್ನೇ ಗುರಿಯಾಗಿಸುವ ತಡೆಕಾರಕದಿಂದ ಡೇವಿಡ್ ವೊಕ್ಯಾಡ್ಲೊ ಅವರ ಗುಂಪು 2008ರಲ್ಲಿ ಅದೇ ಬಗೆಯ ಕೋಶಗಳಲ್ಲಿಯೂ 2010ರಲ್ಲಿ ದಂಶಕಗಳಲ್ಲಿಯೂ ಓ-ಗ್ಲಕ್‌ನ್ಯಾಕ್ ಮಟ್ಟವನ್ನು ಏರಿಸಿದರೂ ಇನ್ಸುಲಿನ್ ಪ್ರತಿರೋಧ ಕಾಣಲಿಲ್ಲ. ಮತ್ತೊಂದೆಡೆ ಓಜಿಟಿಯನ್ನು ಹೆಚ್ಚಾಗಿ ಉತ್ಪಾದಿಸುವಂತೆ ಮಾಡಿದ ಇಲಿಗಳಲ್ಲಿ ಪ್ರತಿರೋಧ ಕಂಡುಬಂದಿರುವುದರಿಂದ, ಓ-ಗ್ಲಕ್‌ನ್ಯಾಕ್ ಏರಿದರೆ ಸಾಕು ಎಂಬ ಸರಳ ವಿವರಣೆ ನಿಲ್ಲುವುದಿಲ್ಲ ಎಂಬಷ್ಟನ್ನು ಮಾತ್ರ ಖಚಿತವಾಗಿ ಹೇಳಬಹುದು.

ಅದೇ ಗುಂಪು 2008ರಲ್ಲಿ ಪ್ರಕಟಿಸಿದ ಥಯಾಮೆಟ್-ಜಿ ಎಂಬ ತಡೆಕಾರಕ ಸಂಶೋಧನೆಯನ್ನು ಆಲ್ಝೈಮರ್ ಕಾಯಿಲೆಯತ್ತ ತಿರುಗಿಸಿತು; 2012ರಲ್ಲಿ ಟೌ ಎಂಬ ಪ್ರೋಟೀನಿನ ದೋಷವುಳ್ಳ ಇಲಿಗಳಲ್ಲಿ ಅದು ನರಕೋಶಗಳ ನಾಶವನ್ನು ತಗ್ಗಿಸಿದ ವರದಿ ಬಂತು. ಓಜಿಟಿಯ ಮೂರು ಆಯಾಮದ ರಚನೆಯನ್ನು 2011ರಲ್ಲಿ ಸುಝಾನ್ ವಾಕರ್ ಅವರ ತಂಡ ಬಿಡಿಸಿತು. 2017ರ ಸುಮಾರಿಗೆ ಎಕ್ಸ್ ವರ್ಣತಂತುವಿನಲ್ಲಿರುವ ಈ ವಂಶವಾಹಿಯ ದೋಷಗಳಿಗೂ ಮಕ್ಕಳ ಬೌದ್ಧಿಕ ಬೆಳವಣಿಗೆ ಕುಂಠಿತವಾಗುವುದಕ್ಕೂ ನಂಟಿರುವುದು ದಾಖಲಾಯಿತು.

ಅದೇ 2017ರಲ್ಲಿ ಸಸ್ಯಗಳ ಕುರಿತ ಹಳೆಯ ನಮೂದೊಂದೂ ತಿದ್ದಲ್ಪಟ್ಟಿತು: ಅರಬಿಡಾಪ್ಸಿಸ್ ಗಿಡದಲ್ಲಿ ಓಜಿಟಿಯ ಸೋದರನೆಂದೇ ಬಹುಕಾಲ ಗಣಿಸಲಾಗಿದ್ದ ಸ್ಪಿಂಡ್ಲಿ ಎಂಬ ಕಿಣ್ವವು ಪ್ರೋಟೀನಿಗೆ ಕೂರಿಸುವುದು ಈ ಸಕ್ಕರೆಯನ್ನಲ್ಲ, ಫ್ಯೂಕೋಸನ್ನು ಎಂದು ತಿಳಿದುಬಂದಿತು.